ಅನ್ನ ಕೊಡೋದು ಮಠ, ಆಧಾರ ಕೊಡೋದು ಯಾರು?

ನಿರಾಶ್ರಿತರಿಗೆ ಧಾರ್ಮಿಕ ಸಂಸ್ಥೆಗಳ ನೆರವು: ಬೈಲಕುಪ್ಪೆಯಿಂದ ಒಡೆಯರಪಾಳ್ಯದವರೆಗೆ ಒಂದು ನೋಟ

ಹುಲ್ಲಹಳ್ಳಿ: ನಮ್ಮ ಕಡೆಯವರಿಗೆ ನಿರಾಶ್ರಿತರು ಅಂದರೆ ಎರಡೇ ನೆನಪಾಗೋದು. ಒಂದು, ಚಳಿಗಾಲದಲ್ಲಿ ಮೈಸೂರಲ್ಲಿ ಸಾಲಾಗಿ ಬರುವ ಟಿಬೆಟಿಯನ್ ಸ್ವೆಟರ್ ಅಂಗಡಿ. ಇನ್ನೊಂದು, ಸ್ಕೂಲ್ ಟೂರಲ್ಲಿ ನೋಡಿ ಬಂದ ಬೈಲಕುಪ್ಪೆ ಗೋಲ್ಡನ್ ಟೆಂಪಲ್. ಅವರು ಯಾಕೆ ಬಂದರು, ಯಾರು ಜಾಗ ಕೊಟ್ಟರು, ಯಾರು ಊಟ ಹಾಕಿದರು, ಇವತ್ತಿಗೂ ಅವರ ಕೈಲಿ ಯಾವ ಕಾಗದ ಇದೆ ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗ್ತಾರೆ.

ಆದರೆ ಮ್ಯಾಪ್ ಇಟ್ಟು ನೋಡಿ. ಹುಲ್ಲಹಳ್ಳಿಯಿಂದ ಪಶ್ಚಿಮಕ್ಕೆ ಹೋದರೆ ಎಚ್.ಡಿ. ಕೋಟೆ, ಹುಣಸೂರು. ಹುಣಸೂರು ತಾಲೂಕಲ್ಲಿ ಗುರುಪುರದ ಟಿಬೆಟಿಯನ್ ಕ್ಯಾಂಪ್. ಮುಂದೆ ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. ಪೂರ್ವಕ್ಕೆ ನಂಜನಗೂಡು, ತಿ. ನರಸೀಪುರ, ಕೊಳ್ಳೇಗಾಲ ದಾಟಿದರೆ ಒಡೆಯರಪಾಳ್ಯದ ಕ್ಯಾಂಪ್. ಅಂದರೆ ರಾಜ್ಯದ ಐದು ಟಿಬೆಟಿಯನ್ ವಸತಿಗಳಲ್ಲಿ ನಾಲ್ಕು ನಮ್ಮ ಎಡಬಲಕ್ಕೇ ಇವೆ. ಐದನೆಯದು ಉತ್ತರ ಕನ್ನಡದ ಮುಂಡಗೋಡು.

ಈ ವಿಷಯ ಈಗ ಯಾಕೆ ಅಂದರೆ, 2025ರ ಸೆಪ್ಟೆಂಬರ್ 1ರಿಂದ ದೇಶದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1946ರ ಹಳೇ ವಿದೇಶಿಯರ ಕಾಯ್ದೆ ಹೋಯ್ತು. ಯಾರನ್ನು ಇಟ್ಟುಕೊಳ್ಳಬೇಕು, ಯಾರಿಗೆ ವಿನಾಯ್ತಿ ಅನ್ನೋ ಪಟ್ಟಿಯೂ ಜೊತೆಗೇ ಬಂತು. ಆ ಪಟ್ಟಿ ಓದಿದರೆ ಒಂದು ಮಾತು ಸ್ಪಷ್ಟ ಆಗುತ್ತೆ: ಮಠ, ಚರ್ಚು, ಸೇವಾ ಸಂಸ್ಥೆಗಳು ಎಷ್ಟೇ ಮಾಡಿದರೂ ಅವರು ಕೊಡೋಕಾಗೋದು ಅನ್ನ, ಔಷಧ, ಅಕ್ಷರ. ಕಾಲೂರಿ ನಿಲ್ಲೋ ಜಾಗ ಮತ್ತು ಕಾಗದ ಕೊಡೋಕಾಗೋದು ಸರ್ಕಾರಕ್ಕೆ ಮಾತ್ರ.

ಮೊದಲು ಜಾಗ, ಆಮೇಲೆ ಗುಡಿ

1959ರ ಮಾರ್ಚಿನಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಹಿಮದ ನಾಡಿನವರು ಇಲ್ಲಿನ ಬಿಸಿಲಿಗೆ, ಕಾಯಿಲೆಗೆ ತತ್ತರಿಸಿದರು. ಗಡಿ ಕಡೆ ರಸ್ತೆ ಕೆಲಸಕ್ಕೆ ಕೂಲಿಗೆ ಹೋದರು. ಪ್ರಧಾನಿ ನೆಹರೂ ರಾಜ್ಯಗಳಿಗೆ ಜಾಗ ಕೊಡ್ತೀರಾ ಅಂತ ಕೇಳಿದಾಗ ದೊಡ್ಡ ಮಟ್ಟದಲ್ಲಿ ಮುಂದೆ ಬಂದಿದ್ದು ಆಗಿನ ಮೈಸೂರು ರಾಜ್ಯ. ಟಿಬೆಟಿಯನ್ನರು ಇವತ್ತಿಗೂ ಎಸ್. ನಿಜಲಿಂಗಪ್ಪ ಅವರ ಹೆಸರನ್ನು ಕೃತಜ್ಞತೆಯಿಂದ ಹೇಳ್ತಾರೆ. 2018ರ ಆಗಸ್ಟ್ 10ರಂದು ಬೆಂಗಳೂರಲ್ಲಿ 'ಥ್ಯಾಂಕ್ ಯೂ ಕರ್ನಾಟಕ' ಅಂತಲೇ ಕಾರ್ಯಕ್ರಮ ಮಾಡಿ ದಲೈ ಲಾಮಾ ನಮ್ಮ ರಾಜ್ಯಕ್ಕೆ ಧನ್ಯವಾದ ಹೇಳಿ ಹೋದರು.

ಬೈಲಕುಪ್ಪೆಯಲ್ಲಿ 1960-61ರಲ್ಲಿ ಮೊದಲ ವಸತಿ ಶುರುವಾಯ್ತು. ಸಿಕ್ಕಿದ್ದು ಕಾಡು ಜಾಗ, ಸುಮಾರು 3,000 ಎಕರೆ. ಮರ ಕಡಿದು, ಬೇರು ಕಿತ್ತು, ಆನೆ ಕಾಟದ ನಡುವೆ ಟೆಂಟಿನಲ್ಲಿ ಬದುಕಿ ಹೊಲ ಮಾಡಿಕೊಂಡರು. ಲೆಕ್ಕ ತಲೆಗೆ ಒಂದು ಎಕರೆ, ಅಂದರೆ ಐದು ಜನರ ಮನೆಗೆ ಐದು ಎಕರೆ. ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಮಾಡಿಕೊಂಡರು. 1969ರಲ್ಲಿ ಪಕ್ಕದಲ್ಲೇ ಎರಡನೇ ವಸತಿ ಬಂತು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಹುಣಸೂರು, ಆಮೇಲೆ ಕೊಳ್ಳೇಗಾಲ.

ಒಂದು ಅಂಶ ಗಮನಿಸಿ. ಈ ಜಾಗ ಅವರ ಸ್ವಂತದ್ದಲ್ಲ. ಸರ್ಕಾರದ್ದೇ. ಉಳುಮೆ ಮಾಡಿ ಅನುಭವಿಸಬಹುದು, ಮಾರೋ ಹಾಗಿಲ್ಲ. ಆದರೂ ಆ ಒಂದು ಎಕರೆಯೇ ಎಲ್ಲಕ್ಕೂ ಬುನಾದಿ ಆಯ್ತು.

ಸಹಾಯ ಬಂದಿದ್ದು ಎಲ್ಲೆಲ್ಲಿಂದ

ಆಗ ಹೊರದೇಶದ ನೆರವನ್ನು ಒಟ್ಟು ಮಾಡಿ ಹಂಚೋಕೆ ಆಚಾರ್ಯ ಕೃಪಲಾನಿ ಅವರ ನೇತೃತ್ವದಲ್ಲಿ ಕೇಂದ್ರ ಪರಿಹಾರ ಸಮಿತಿ ಇತ್ತು. ಅದರ ಮೂಲಕ ಬಂದ ಧಾನ್ಯ, ಬಟ್ಟೆ, ಔಷಧದಲ್ಲಿ ಕ್ರೈಸ್ತ ಸಂಸ್ಥೆಗಳ ಪಾಲು ದೊಡ್ಡದು. ಚರ್ಚ್ ವರ್ಲ್ಡ್ ಸರ್ವಿಸ್ ಪ್ರಾಟೆಸ್ಟಂಟರದ್ದು, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಕ್ಯಾಥೊಲಿಕರದ್ದು. ಬೌದ್ಧ ಭಿಕ್ಷುಗಳಿಗೆ ಚರ್ಚಿನ ಕಾಸಲ್ಲಿ ಊಟ, ಹಿಂದೂ ಬಹುಸಂಖ್ಯಾತರ ರಾಜ್ಯದಲ್ಲಿ ಜಾಗ. ಇವತ್ತಿನ ವಾಟ್ಸ್‌ಆ್ಯಪ್ ಕಾಲದಲ್ಲಿ ಇದನ್ನ ನಂಬೋದೇ ಕಷ್ಟ.

ಆಮೇಲೆ ಅವರ ಮಠಗಳೇ ಎದ್ದವು. ನಮ್ಡ್ರೋಲಿಂಗ್, ಅಂದರೆ ನಾವು ಗೋಲ್ಡನ್ ಟೆಂಪಲ್ ಅನ್ನೋ ಮಠ, 1963ರಲ್ಲಿ ಪೆನೋರ್ ರಿಂಪೋಚೆ ಶುರು ಮಾಡಿದ್ದು. ಆಗ ಕೈಲಿದ್ದಿದ್ದು 300 ರೂಪಾಯಿ, ಜೊತೆಗೆ ಬೆರಳೆಣಿಕೆಯ ಭಿಕ್ಷುಗಳು ಅಂತ ಮಠದವರೇ ಹೇಳ್ತಾರೆ. ಈಗ ಜನ ಸೆಲ್ಫಿ ತೆಗೆಯೋ ಚಿನ್ನದ ಬಣ್ಣದ ದೊಡ್ಡ ಮೂರ್ತಿಗಳ ವಿಹಾರ ತೆರೆದಿದ್ದು 1999ರಲ್ಲಿ. ನಡುವೆ 36 ವರ್ಷ. ಸೆರಾ ಮಠದವರ ಕಥೆ ಇನ್ನೂ ಕಷ್ಟದ್ದು. ಅವರನ್ನು ಮೊದಲು ಬಂಗಾಳದ ಬಕ್ಸಾದಲ್ಲಿ ಬ್ರಿಟಿಷರ ಕಾಲದ ಹಳೇ ಸೆರೆಮನೆಯಲ್ಲಿ ಇಟ್ಟಿದ್ದರು. ಕ್ಷಯ ಬಂದು ಬಹಳ ಜನ ಸತ್ತರು. ಉಳಿದವರಲ್ಲಿ ಸುಮಾರು 300 ಮಂದಿ 1970ರ ಹೊತ್ತಿಗೆ ಬೈಲಕುಪ್ಪೆಗೆ ಬಂದು, ಪುಸ್ತಕ ಪಕ್ಕಕ್ಕಿಟ್ಟು ನೇಗಿಲು ಹಿಡಿದರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನಮ್ಮ ತಾಲೂಕಿನ ಸುತ್ತೂರಲ್ಲಿ ದಾಸೋಹ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊಟಕ್ಕೆ ಕೂತವನ ಜಾತಿ, ಊರು ಕೇಳಬಾರದು ಅನ್ನೋದು ದಾಸೋಹದ ಮೊದಲ ನಿಯಮ. ಬಡ ಹುಡುಗರಿಗೆ ಅನ್ನ ಹಾಕಿ ಹಾಸ್ಟೆಲ್ ನಡೆಸಿದ ಮಠವೇ ಮುಂದೆ ಕಾಲೇಜು, ಆಸ್ಪತ್ರೆ ಕಟ್ಟಿದ್ದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಬೈಲಕುಪ್ಪೆಯಲ್ಲೂ ಆಗಿದ್ದು ಇದೇ. ಅಲ್ಲಿನ ತ್ಸೋಜೆ ಖಾಂಗ್ಸರ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಯವರೂ ಹೋಗ್ತಾರೆ. ತನ್ನ ಜನಕ್ಕೆ ಅಂತ ಕಟ್ಟಿದ ಬಾಗಿಲನ್ನು ಅಕ್ಕಪಕ್ಕದವರಿಗೂ ತೆಗೆದರೆ ಮಾತ್ರ ಸಂಸ್ಥೆ ಆ ಊರಿನದಾಗುತ್ತೆ. ಇಲ್ಲದಿದ್ದರೆ ಎಷ್ಟು ವರ್ಷ ಆದರೂ ಅದು ಕಾಂಪೌಂಡು, ಅಷ್ಟೇ.

ಅವರಿಗೆ ಅಂತ ಶುರುವಾದದ್ದು ನಮ್ಮ ಹೆಂಗಸರಿಗೂ ಬಂತು

ಇಲ್ಲಿ ಒಂದು ಸಂಸ್ಥೆಯ ಹೆಸರು ಹೇಳಲೇಬೇಕು, ಮೈರಾಡ. ಇದು ಧಾರ್ಮಿಕ ಸಂಸ್ಥೆ ಅಲ್ಲ. ಆದರೆ ಈ ಕಥೆ ಅದಿಲ್ಲದೆ ಪೂರ್ತಿ ಆಗಲ್ಲ. ಹೆಸರಿನ ಪೂರ್ತಿ ರೂಪವೇ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರಿಗೆ ವಸತಿ ಮಾಡಿಕೊಡೋ ಕೆಲಸದಲ್ಲಿ ಸರ್ಕಾರದ ಜೊತೆ ನಿಲ್ಲೋಕೆ.

ಆ ಕೆಲಸ ಮುಗೀತಾ ಬಂದಂತೆ ಅವರು ಸುತ್ತಲಿನ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿದರು. ಎಂಬತ್ತರ ದಶಕದಲ್ಲಿ ಚಿಕ್ಕ ಚಿಕ್ಕ ಗುಂಪು ಮಾಡಿ, ಉಳಿತಾಯ ಮಾಡಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳೋ ಪದ್ಧತಿ ಬೆಳೆಸಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡೋ ಯೋಜನೆ ದೇಶದ ಮಟ್ಟದಲ್ಲಿ ಶುರುವಾಯ್ತು. 2000ದಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಸಂಘಗಳು ಬಂದವು.

ಇವತ್ತು ಹುಲ್ಲಹಳ್ಳಿ ಹೋಬಳಿಯ ಯಾವ ಬೀದಿಗೆ ಹೋದರೂ ವಾರಕ್ಕೊಂದು ದಿನ 'ಸಂಘ ಐತೆ' ಅಂತ ಪಾಸ್‌ಬುಕ್ ಹಿಡಿದು ಹೋಗೋ ಹೆಂಗಸರು ಸಿಗ್ತಾರೆ. ಆ ಪಾಸ್‌ಬುಕ್ಕಿನ ಹಿಂದಿನ ಕಥೆಯಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ಅಂತ ಹುಟ್ಟಿದ ಸಂಸ್ಥೆಯೂ ಒಂದು. ಹೊರಗಿನೋರಿಗೆ ಮಾಡಿದ್ದು ನಮಗೇನು ಬಂತು ಅಂತ ಕೇಳೋರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ದಿಂಬಂ ಘಾಟಿ ಇಳಿದರೆ ಬೇರೆ ಕಥೆ

ಚಾಮರಾಜನಗರದಿಂದ ಹಾಸನೂರು, ದಿಂಬಂ ಘಾಟಿ ಇಳಿದು ಬಣ್ಣಾರಿ ದಾಟಿದರೆ ತಮಿಳುನಾಡಿನ ಭವಾನಿಸಾಗರ. ಅಲ್ಲಿ ಶ್ರೀಲಂಕಾ ತಮಿಳರ ಕ್ಯಾಂಪ್ ಇದೆ. 1983ರ ಗಲಭೆ ಆದ ಮೇಲೆ ಕಂತುಕಂತಾಗಿ ದೋಣಿ ಹತ್ತಿ ಬಂದವರು. ಇವರಿಗೆ ಎಕರೆ ಲೆಕ್ಕದಲ್ಲಿ ಜಮೀನು ಸಿಗಲಿಲ್ಲ. ಸಿಕ್ಕಿದ್ದು ಕ್ಯಾಂಪಿನ ಸಣ್ಣ ಮನೆ, ತಿಂಗಳ ಸಹಾಯಧನ, ರೇಷನ್. 2021ರಲ್ಲಿ ತಮಿಳುನಾಡು ಸರ್ಕಾರ ಮನೆ ಕಟ್ಟಿಕೊಡೋದೂ ಸೇರಿ 317 ಕೋಟಿ ರೂಪಾಯಿ ಯೋಜನೆ ಘೋಷಿಸಿತು.

ಇಲ್ಲಿ ಕೈ ಹಿಡಿದಿದ್ದು ಎರಡು ಸಂಸ್ಥೆಗಳು. ಒಂದು ಜೆಸ್ವಿಟ್ ಪಾದ್ರಿಗಳ ಜೆಸ್ವಿಟ್ ನಿರಾಶ್ರಿತರ ಸೇವೆ, ಜೆಆರ್‌ಎಸ್ ಅಂತಾರೆ. ವಿಯೆಟ್ನಾಮಿಂದ ದೋಣಿಯಲ್ಲಿ ಓಡಿ ಬರುತ್ತಿದ್ದವರ ಸುದ್ದಿ ಕೇಳಿ ಫಾದರ್ ಪೆಡ್ರೊ ಅರುಪೆ 1980ರಲ್ಲಿ ಶುರು ಮಾಡಿದ್ದು. ತಮಿಳುನಾಡಿನ ಕ್ಯಾಂಪುಗಳಲ್ಲಿ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡೋದು ಇವರ ಮುಖ್ಯ ಕೆಲಸಗಳಲ್ಲಿ ಒಂದು. ಇನ್ನೊಂದು 1984ರಲ್ಲಿ ಎಸ್.ಸಿ. ಚಂದ್ರಹಾಸನ್ ಅವರು ಕಟ್ಟಿದ ಆಫರ್ ಸಂಸ್ಥೆ. ಅದು ನಿರಾಶ್ರಿತರೇ ನಿರಾಶ್ರಿತರಿಗೆ ಅಂತ ನಡೆಸೋದು.

ಮಕ್ಕಳು ಓದಿದರು, ಡಿಗ್ರಿ ಮಾಡಿದರು. ಆಮೇಲೆ? ಪೌರತ್ವ ಇಲ್ಲ, ಹಾಗಾಗಿ ಸರ್ಕಾರಿ ಕೆಲಸ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಓದಿದ ಹುಡುಗರೂ ಪೇಂಟಿಂಗ್ ಕೆಲಸಕ್ಕೆ, ಕೂಲಿಗೆ ಹೋಗ್ತಾರೆ. ಧರ್ಮ ಸಂಸ್ಥೆ ತನ್ನ ಕೈಲಾದ್ದು ಮಾಡಿ ಮುಗಿಸಿದೆ. ಅಲ್ಲಿಂದ ಮುಂದಿನ ಬಾಗಿಲ ಬೀಗದ ಕೈ ದೆಹಲಿಯಲ್ಲಿದೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಪ್ರಕಾರ ಲಂಕೆಯ ಟೀ ತೋಟಗಳಿಂದ ವಾಪಸ್ ಬಂದ ತಮಿಳರಲ್ಲಿ ಕೆಲವರನ್ನು ಸುಳ್ಯ, ಪುತ್ತೂರು ಕಡೆ ಸರ್ಕಾರಿ ರಬ್ಬರ್ ತೋಟಗಳಿಗೆ ಕರೆತಂದರು. ಇವರಿಗೆ ಪೌರತ್ವ ಬಂತು, ಕೂಲಿ ಕೆಲಸ ಬಂತು. ಜಮೀನು ಬರಲಿಲ್ಲ, ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದರು. ಟಿಬೆಟಿಯನ್ನರಿಗೆ ಜಾಗ ಇದೆ, ಪೌರತ್ವ ಇಲ್ಲ. ಸುಳ್ಯದವರಿಗೆ ಪೌರತ್ವ ಇದೆ, ಜಾಗ ಇಲ್ಲ. ಭವಾನಿಸಾಗರದವರಿಗೆ ಎರಡೂ ಇಲ್ಲ.

ಕಾನೂನು ಇಲ್ಲ, ಪಟ್ಟಿ ಇದೆ

ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೇ ಅಂತ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಯಾವ ದೇಶದಿಂದ, ಯಾವ ವರ್ಷ, ಯಾವ ಧರ್ಮದವರು ಬಂದರು ಅನ್ನೋದರ ಮೇಲೆ ಆಗಾಗ ಹೊರಡೋ ಆದೇಶಗಳೇ ಎಲ್ಲ ತೀರ್ಮಾನ ಮಾಡ್ತವೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್ 11ರಂದು ನಿಯಮ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ಅನ್ವಯ. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ದಶಕಗಟ್ಟಲೆ ಕಾದಿರುವ ಬಂಗಾಳಿ ಹಿಂದೂಗಳಿಗೆ ಇದರಿಂದ ದಾರಿ ತೆರೆಯಿತು. ಲಂಕಾ ತಮಿಳರು ಹಿಂದೂಗಳೇ ಆದರೂ ಲಂಕೆ ಆ ಪಟ್ಟಿಯಲ್ಲಿಲ್ಲ. ಟಿಬೆಟಿಯನ್ನರು ಬೌದ್ಧರೇ ಆದರೂ ಟಿಬೆಟ್ ಆ ಪಟ್ಟಿಯಲ್ಲಿಲ್ಲ. ಬರ್ಮಾದಿಂದ ಬಂದ ರೋಹಿಂಗ್ಯಾ ಮುಸ್ಲಿಮರಿಗಂತೂ ದೇಶವೂ ಸೇರಲ್ಲ, ಧರ್ಮವೂ ಸೇರಲ್ಲ.

2025ರ ಹೊಸ ಆದೇಶದಲ್ಲಿ ನೋಂದಣಿ ಆದ ಟಿಬೆಟಿಯನ್ನರಿಗೆ, 2015ರ ಜನವರಿ 9ರ ಒಳಗೆ ಬಂದು ನೋಂದಣಿ ಆದ ಲಂಕಾ ತಮಿಳರಿಗೆ ವಿನಾಯ್ತಿ ಸಿಕ್ಕಿದೆ. ಕೇಸು ಹಾಕಲ್ಲ, ಓಡಿಸಲ್ಲ ಅಂತ ಅರ್ಥ. ಪೌರತ್ವ ಕೊಡ್ತೀವಿ ಅಂತ ಅರ್ಥ ಅಲ್ಲ.

ಟಿಬೆಟಿಯನ್ನರಲ್ಲಿ ಒಂದು ವರ್ಗಕ್ಕೆ ಕೋರ್ಟು ದಾರಿ ತೋರಿಸಿತ್ತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಯಾರೇ ಆಗಲಿ ಹುಟ್ಟಿನಿಂದಲೇ ಪೌರರು ಅನ್ನೋದು ಕಾನೂನು. ಟಿಬೆಟಿಯನ್ನರಿಗೂ ಅದು ಅನ್ವಯ ಅಂತ 2013ರಲ್ಲಿ ನಮ್ಮ ಹೈಕೋರ್ಟೂ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂದಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್‌ಗೆ ಒಂದು ಷರತ್ತು ಬಂತು: ನೋಂದಣಿ ಪತ್ರ ವಾಪಸ್ ಕೊಡಬೇಕು, ವಸತಿ ಬಿಟ್ಟು ಹೊರಗೆ ಹೋಗಬೇಕು, ಸವಲತ್ತು ಬಿಡಬೇಕು. ಹುಟ್ಟಿ ಬೆಳೆದ ಮನೆ ಬೇಕೋ, ಪಾಸ್‌ಪೋರ್ಟ್ ಬೇಕೋ ಅಂತ ಕೇಳಿದ ಹಾಗಾಯ್ತು. ಬಹಳ ಜನ ಹಿಂದೇಟು ಹಾಕಿದ್ದರಲ್ಲಿ ಆಶ್ಚರ್ಯ ಇಲ್ಲ.

'ನಮ್ಮೋರಿಗೇ ಇಲ್ಲ' ಅನ್ನೋ ಮಾತು

ಈ ವಿಷಯ ಎತ್ತಿದರೆ ಟೀ ಅಂಗಡಿಯಲ್ಲಿ ಮೊದಲು ಬರೋ ಮಾತು ಇದು. ನಮ್ಮೋರಿಗೇ ಜಾಗ ಇಲ್ಲ, ಅವರಿಗೆ ಸಾವಿರಾರು ಎಕರೆ ಯಾಕೆ ಕೊಟ್ರು? ಈ ಪ್ರಶ್ನೆಯನ್ನ ತಳ್ಳಿಹಾಕೋ ಹಾಗಿಲ್ಲ. ಕಬಿನಿ ನೀರು ನಮ್ಮ ಗದ್ದೆಗೆ ಬರುತ್ತೆ. ಆ ಡ್ಯಾಮಿಗೆ ಕೋಟೆ ತಾಲೂಕಿನಲ್ಲಿ ಊರಿಗೆ ಊರೇ ಮುಳುಗಿದವು. ನಾಗರಹೊಳೆ ಕಾಡಿಂದ ಜೇನುಕುರುಬರು ಮತ್ತು ಇತರ ಆದಿವಾಸಿಗಳನ್ನು ಹೊರಗೆ ಹಾಕಿದರು. ಹೈಕೋರ್ಟ್ ಹೇಳಿ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು 3,418 ಕುಟುಂಬಗಳನ್ನು ಲೆಕ್ಕ ಹಾಕಿತು. ಅವರಲ್ಲಿ ಬಹಳ ಜನ ಕೊಡಗಿನ ಲೈನ್‌ಮನೆಗಳಲ್ಲಿ ಕೂಲಿ ಮಾಡಿಕೊಂಡೇ ಇದ್ದಾರೆ.

ಆದರೆ ಇದಕ್ಕೆ ಟಿಬೆಟಿಯನ್ನರನ್ನು ಬೈದು ಏನು ಪ್ರಯೋಜನ? ಅವರ ಎಕರೆ ಕಿತ್ತುಕೊಂಡು ಜೇನುಕುರುಬರಿಗೆ ಕೊಡಿ ಅಂತ ಯಾರೂ ಕೇಳ್ತಿಲ್ಲ. ಕೇಳಬೇಕಾದ್ದು ಬೇರೆ. ಭಾಷೆ ಗೊತ್ತಿಲ್ಲದ, ಹವಾಮಾನ ಒಗ್ಗದ ಜನರನ್ನು ಜಾಗ, ರೇಷನ್, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಎಲ್ಲ ಒಟ್ಟಿಗೆ ಕೊಟ್ಟು, ಹತ್ತು ವರ್ಷ ಜೊತೆಗೆ ನಿಂತು ನೆಲೆ ನಿಲ್ಲಿಸೋಕೆ ಇದೇ ಸರ್ಕಾರಕ್ಕೆ ಬಂತಲ್ಲ, ಸ್ವಂತ ಕಾಡಿನ ಮಕ್ಕಳಿಗೆ ಯಾಕೆ ಬರಲಿಲ್ಲ? ಬೈಲಕುಪ್ಪೆ ನಮ್ಮವರಿಗೆ ಆದ ಅನ್ಯಾಯ ಅಲ್ಲ. ಪುನರ್ವಸತಿ ಸರಿಯಾಗಿ ಮಾಡಬಹುದು ಅನ್ನೋದಕ್ಕೆ ನಮ್ಮ ಕೈಲಿರೋ ಸಾಕ್ಷಿ.

ಕಾಸಿನ ದಾರಿ ಕಿರಿದಾಗಿದೆ

ಧಾರ್ಮಿಕ ಸಂಸ್ಥೆಗಳ ಕೈ ಈಗ ಮೊದಲಿನಷ್ಟು ಉದ್ದ ಇಲ್ಲ. ಹೊರದೇಶದ ದೇಣಿಗೆ ಕಾನೂನಿಗೆ 2020ರಲ್ಲಿ ತಿದ್ದುಪಡಿ ಆಯ್ತು. ವಿದೇಶಿ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ತಗೊಂಡ ಹಣವನ್ನು ಇನ್ನೊಂದಕ್ಕೆ ಹಂಚೋ ಹಾಗಿಲ್ಲ. ಆಡಳಿತ ಖರ್ಚು ಶೇ. 20 ಮೀರಬಾರದು. ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿಗೇ 2021ರ ಡಿಸೆಂಬರಿನಲ್ಲಿ ನವೀಕರಣ ನಿರಾಕರಿಸಿ, ಮುಂದಿನ ತಿಂಗಳು ವಾಪಸ್ ಕೊಟ್ಟಿದ್ದು ನೆನಪಿರಬಹುದು.

ಲೆಕ್ಕ ಕೇಳೋದು ತಪ್ಪಲ್ಲ. ಸೇವೆ ಹೆಸರಲ್ಲಿ ಮತಾಂತರ ಅನ್ನೋ ಅನುಮಾನ ಜನರಲ್ಲಿ ಇರೋದೂ ಸುಳ್ಳಲ್ಲ. ಆದರೆ ದೊಡ್ಡ ಸಂಸ್ಥೆ ಚಿಕ್ಕ ಸಂಸ್ಥೆಗೆ ಹಣ ದಾಟಿಸೋ ದಾರಿ ಮುಚ್ಚಿದರೆ ಮೊದಲು ನಿಲ್ಲೋದು ಕ್ಯಾಂಪಿನ ಸಂಜೆ ಪಾಠ, ಹಳ್ಳಿಯ ಕ್ಲಿನಿಕ್. ಅದನ್ನ ಸರ್ಕಾರ ತುಂಬಿಕೊಡುತ್ತಾ ಅನ್ನೋದೇ ಪ್ರಶ್ನೆ.

ಅಂಗಡಿಯವರು, ಮನೆ ಬಾಡಿಗೆ ಕೊಡೋರು ಗಮನಿಸಿ

* ನಂಜನಗೂಡು ಇಂಡಸ್ಟ್ರಿಯಲ್ ಏರಿಯಾಗೆ ದುಡಿಯೋಕೆ ಬರುವ ಬಿಹಾರ, ಒಡಿಶಾ, ಅಸ್ಸಾಂ, ಬಂಗಾಳದ ಹುಡುಗರು ನಿರಾಶ್ರಿತರಲ್ಲ. ಈ ದೇಶದ ಪೌರರು. ಬಂಗಾಳಿ ಮಾತಾಡಿದ ತಕ್ಷಣ ಬಾಂಗ್ಲಾದೋನು ಅಂತ ತೀರ್ಮಾನ ಮಾಡಬೇಡಿ. ಅನುಮಾನ ಇದ್ದರೆ ಗುರುತಿನ ಚೀಟಿ ನೋಡಿ, ಠಾಣೆಗೆ ತಿಳಿಸಿ. ಗುಂಪು ಕಟ್ಟಿಕೊಂಡು ಕೇಳೋ ಅಧಿಕಾರ ಯಾರಿಗೂ ಇಲ್ಲ.
* ವಿದೇಶಿಯರಿಗೆ ರೂಮು ಕೊಟ್ಟರೆ 24 ಗಂಟೆ ಒಳಗೆ ಆನ್‌ಲೈನಲ್ಲಿ ಮಾಹಿತಿ ಕೊಡಬೇಕು. ಲಾಡ್ಜ್‌ನವರು 'ಸಿ ಫಾರಂ' ಅಂತಿದ್ದದ್ದು ಇದೇ. ಹೋಂಸ್ಟೇಗೂ ಅನ್ವಯ.
* ವಿದೇಶಿ ಪ್ರವಾಸಿಗಳು ಬೈಲಕುಪ್ಪೆ ಕ್ಯಾಂಪಿನಲ್ಲಿ ರಾತ್ರಿ ಉಳಿಯಬೇಕಾದರೆ ಕೇಂದ್ರದ ಮುಂಗಡ ಅನುಮತಿ ಬೇಕು. ಟ್ಯಾಕ್ಸಿಯವರು ಮೊದಲೇ ಹೇಳಿದರೆ ಅವರಿಗೂ ತೊಂದರೆ ತಪ್ಪುತ್ತೆ.

ಮುಂದೇನು

2009ರ ಟಿಬೆಟಿಯನ್ನರ ಸ್ವಂತ ಗಣತಿ ಪ್ರಕಾರ ಭಾರತದಲ್ಲಿ ಅವರ ಸಂಖ್ಯೆ 94,203. ಆಮೇಲೆ ಅದು ಇಳಿಯುತ್ತಲೇ ಬಂದಿದೆ. ಟಿಬೆಟಿಂದ ಹೊಸಬರು ಬರೋದು ಬಹುಪಾಲು ನಿಂತಿದೆ. ಇಲ್ಲಿ ಹುಟ್ಟಿದ ಹುಡುಗರು ಕಾಗದ ಸಿಗೋ ದೇಶ ಹುಡುಕಿಕೊಂಡು ಅಮೆರಿಕ, ಯುರೋಪಿಗೆ ಹೋಗ್ತಿದ್ದಾರೆ. 2025ರ ಜನವರಿಯಲ್ಲಿ ದಲೈ ಲಾಮಾ ಬೈಲಕುಪ್ಪೆಗೆ ಬಂದು ತಾಶಿ ಲ್ಹುನ್ಪೊ ಮಠದಲ್ಲಿ ಇದ್ದಾಗ ರಸ್ತೆ ತುಂಬಾ ಜನ. ಅದೇ ವರ್ಷ ಜುಲೈ 6ಕ್ಕೆ ಅವರಿಗೆ 90 ತುಂಬಿತು. ಅವರ ಕಾಲದ ನಂತರ ಈ ವಸತಿಗಳ ಗತಿ ಏನು ಅನ್ನೋ ಚಿಂತೆ ಅಲ್ಲಿನ ಹಿರಿಯರಿಗೆ ಇದ್ದೇ ಇದೆ. ಅವರ ವ್ಯಾಪಾರ ನಂಬಿಕೊಂಡಿರೋ ಕುಶಾಲನಗರ, ಪಿರಿಯಾಪಟ್ಟಣದ ಅಂಗಡಿಯವರಿಗೂ, ಆಟೋದವರಿಗೂ, ಹೊಲದ ಕೂಲಿಯವರಿಗೂ ಆ ಚಿಂತೆ ಇರಬೇಕು.

ಅರವತ್ತೈದು ವರ್ಷ ನಮ್ಮ ಜಿಲ್ಲೆಯ ನೀರು ಕುಡಿದವರು ಇನ್ನೂ ಕಾಗದದಲ್ಲಿ ವಿದೇಶಿಯರು. ಇಲ್ಲೇ ಹುಟ್ಟಿದವರಿಗೆ ಮನೆ ಬಿಡದೆ ಪೌರತ್ವ ತಗೊಳ್ಳೋ ಅವಕಾಶ ಕೊಡೋಕೆ ಹೊಸ ಕಾನೂನೂ ಬೇಕಾಗಿಲ್ಲ, 2017ರ ಷರತ್ತು ಸಡಿಲಿಸಿದರೆ ಸಾಕು. ಹಾಗೇ, ಅಸ್ಸಾದಿ ವರದಿಯ 3,418 ಕುಟುಂಬಗಳಿಗೆ ಬೈಲಕುಪ್ಪೆ ಮಾದರಿಯಲ್ಲೇ ಒಟ್ಟಿಗೆ ಎಲ್ಲ ಕೊಡೋಕೆ ಯಾವ ಅಡ್ಡಿಯೂ ಇಲ್ಲ. ಈ ಎರಡನ್ನೂ ಒಂದೇ ಉಸಿರಲ್ಲಿ ಕೇಳೋ ಜನಪ್ರತಿನಿಧಿ ನಮಗೆ ಬೇಕು. ಮುಂದಿನ ಸಲ ವೋಟು ಕೇಳೋಕೆ ಅಂಗಡಿ ಮುಂದೆ ಬಂದಾಗ ನೀವೇ ಕೇಳಿ ನೋಡಿ.